ಏಣಿ ಅಕ್ಕನ ಮಗಳು

ಆಕೆಯ ಕೆಲಸ ಏನೆಂದು ಒಂದು ಮಾತಿನಲ್ಲಿ ಹೇಳಲು ಮನೆಯವರಿಗೇ ಬರುತ್ತಿರಲಿಲ್ಲ. ಮೇಷ್ಟರಲ್ಲ, ನರ್ಸ್ ಅಲ್ಲ, ಗುಮಾಸ್ತೆಯೂ ಅಲ್ಲ. ಶಾಲೆಯಿಂದ ಶಾಲೆಗೆ ಹೋಗಿ ಅಲ್ಲಿನ ಮಕ್ಕಳು ಎಷ್ಟು ಸುಖವಾಗಿದ್ದಾರೆ, ತಮ್ಮ ಬದುಕಿನ ಬಗ್ಗೆ ಅವರಿಗೆ ಎಷ್ಟು ತೃಪ್ತಿಯಿದೆ ಎಂದು ಅಳೆದು ಬರುವುದು ಆಕೆಯ ಕಸುಬು. ದರ್ಜಿ ಎದೆ ಸುತ್ತಳತೆ ತೆಗೆದ ಹಾಗೆ ಇದನ್ನೂ ಅಳೆಯಬಹುದೆಂದು ಮೇಲಿನವರು ಯಾರೋ ತೀರ್ಮಾನಿಸಿದ್ದರು. ಬಿಸಿಲಲ್ಲಿ ಬಸ್ಸು ಹತ್ತಿ ಇಳಿದು ಅಳೆಯುವವರು ಮಾತ್ರ ಕೆಳಗಿನವರು. ಅಕ್ಕಪಕ್ಕದವರು ಕೇಳಿದಾಗ ಆಕೆಯ ಅತ್ತೆ ಗಂಟಲು ಸರಿಮಾಡಿಕೊಂಡು, "ನಮ್ಮ ಸೊಸೆ ಊರ ಮಕ್ಕಳನ್ನೆಲ್ಲ ಚೆನ್ನಾಗಿದೀರಾ ಅಂತ ಕೇಳ್ಕೊಂಡು ಬರ್ತಾಳೆ. ಅದಕ್ಕೆ ಸಂಬಳ ಬೇರೆ ಕೊಡ್ತಾರೆ. ನಾನು ಜನ್ಮವಿಡೀ ಪುಕ್ಕಟೆ ಕೇಳ್ದೆ ನೋಡಿ" ಎನ್ನುತ್ತಿದ್ದಳು.

ಆಕೆಯ ಚೀಲದಲ್ಲಿ ಸುರುಳಿ ಸುತ್ತಿದ ಒಂದು ದಪ್ಪ ಬಟ್ಟೆಯಿತ್ತು. ತರಗತಿಗೆ ಕಾಲಿಟ್ಟೊಡನೆ ಅದನ್ನು ಕಪ್ಪುಹಲಗೆಯ ಮೊಳೆಗೆ ಸಿಕ್ಕಿಸಿ ಬಿಚ್ಚುತ್ತಿದ್ದಳು. ಅದರ ಮೇಲೆ ಆಳೆತ್ತರದ ಏಣಿಯ ಚಿತ್ರ, ಬುಡದಲ್ಲಿ ಸೊನ್ನೆ, ತುದಿಯಲ್ಲಿ ಹತ್ತು. ನಿಮಗೆ ಸಿಗಬಹುದಾದ ಅತ್ಯಂತ ಒಳ್ಳೆಯ ಬದುಕು ತುದಿಯಲ್ಲಿದೆ, ಅತ್ಯಂತ ಕೆಟ್ಟ ಬದುಕು ಬುಡದಲ್ಲಿದೆ ಎಂದುಕೊಳ್ಳಿ, ಈಗ ನೀವು ಯಾವ ಮೆಟ್ಟಿಲ ಮೇಲಿದ್ದೀರಿ ಎಂದು ಕೇಳಿದರೆ ಮಕ್ಕಳು ತಮ್ಮ ಹಾಳೆಯಲ್ಲಿ ಅಚ್ಚಾಗಿರುವ ಪುಟ್ಟ ಏಣಿಯ ಮೇಲೆ ಗುರುತು ಹಾಕಬೇಕು. ಆಮೇಲೆ ಮಿಕ್ಕ ಪ್ರಶ್ನೆಗಳು: ಬೆಳಿಗ್ಗೆ ಶಾಲೆಗೆ ಹೊರಡುವಾಗ ಖುಷಿಯಾಗುತ್ತದೆಯೇ, ಮನೆಯಲ್ಲಿ ನಿನ್ನ ಮಾತು ಕೇಳುವವರಿದ್ದಾರೆಯೇ, ಹೀಗೆ. ಸುತ್ತಿನ ಶಾಲೆಗಳಲ್ಲೆಲ್ಲ ಆಕೆಗೆ ಏಣಿ ಅಕ್ಕ ಎಂದೇ ಹೆಸರು ನಿಂತಿತ್ತು. ಆಕೆಯ ಗಂಡ ಲಿಫ್ಟ್ ರಿಪೇರಿಯವನು. "ನನ್ನ ಲಿಫ್ಟ್ ಕೈಕೊಟ್ರೆ ಇರ್ಲಿ ಅಂತ ಏಣೀನೇ ಕಟ್ಕೊಂಡಿದೀನಿ" ಎಂಬ ಅವನ ತಮಾಷೆಗೆ ಮದುವೆಯ ಹೊಸತರಲ್ಲಿ ನಗು ಬರುತ್ತಿತ್ತು. ಈಗ ಅವನೊಬ್ಬನೇ ನಗುತ್ತಿದ್ದ.

ಈ ಕೆಲಸದಲ್ಲಿ ಆಕೆಯ ಬಂಡವಾಳವೆಂದರೆ ದನಿ. ಯಾವ ಪ್ರಶ್ನೆಯನ್ನು ಓದುವಾಗಲೂ ದನಿ ಏರಬಾರದು, ಇಳಿಯಬಾರದು, ಮುಖ ಅರಳಬಾರದು, ಹುಬ್ಬು ಗಂಟಾಗಬಾರದು. ಓದುವವಳು ಮುಗುಳ್ನಕ್ಕರೆ ಮಕ್ಕಳು ಒಂದು ಮೆಟ್ಟಿಲು ಮೇಲೆ ಹತ್ತುತ್ತಾರಂತೆ, ಗಂಟುಮುಖ ಹಾಕಿದರೆ ಕೆಳಗಿಳಿಯುತ್ತಾರಂತೆ. ನಿನಗೆ ಐಸ್‌ಕ್ರೀಂ ಇಷ್ಟವೇ ಎಂಬುದನ್ನೂ ನಿನ್ನನ್ನು ಮನೆಯಲ್ಲಿ ಯಾರಾದರೂ ಹೊಡೆಯುತ್ತಾರೆಯೇ ಎಂಬುದನ್ನೂ ಆಕೆ ಒಂದೇ ಹದದಲ್ಲಿ ಓದಬಲ್ಲವಳಾಗಿದ್ದಳು. ಹೊಸಬರಿಗೆ ತರಬೇತಿ ಕೊಡುವಾಗ ಮೇಲಧಿಕಾರಿ ಈಕೆಯನ್ನೇ ಎದ್ದು ನಿಲ್ಲಿಸಿ, "ಹೀಗೆ ಓದ್ಬೇಕು, ನಿಲ್ದಾಣದಲ್ಲಿ ರೈಲಿನ ಹೊತ್ತು ಕೂಗೋ ಹಾಗೆ" ಎನ್ನುತ್ತಿದ್ದ. ಈ ಮೇಲಧಿಕಾರಿಯನ್ನು ಬೆನ್ನ ಹಿಂದೆ ಎಲ್ಲರೂ ಸರಾಸರಿ ಸಾಹೇಬ ಎನ್ನುತ್ತಿದ್ದರು. ಯಾರಾದರೂ ಯಾವುದೋ ತರಗತಿಯ ಯಾವುದೋ ಮಗುವಿನ ಮಾತು ತೆಗೆದರೆ ಸಾಕು, ಅವನು ಕೈ ಅಡ್ಡ ಹಿಡಿದು, "ಒಂದು ಮಗುವಿನ ಕಥೆ ಬೇಡ ಮೇಡಂ, ಸರಾಸರಿ ಹೇಳಿ" ಎಂದುಬಿಡುವನು. ಕೆಟ್ಟವನಲ್ಲ. ತನ್ನ ಮನೆಯವರ ಆರೋಗ್ಯವನ್ನೂ ಅವನು ಹಾಗೆಯೇ ವಿಚಾರಿಸುತ್ತಿರಬಹುದು ಎಂದು ನಗಾಡುತ್ತಿದ್ದರು, ಅಷ್ಟೇ.

ಓದುವ ಮೊದಲು ಹೇಳಬೇಕಾದ ಒಂದು ಮಾತಿತ್ತು. ನೀವು ಬರೆದದ್ದು ನಿಮ್ಮ ಶಿಕ್ಷಕರಿಗಾಗಲಿ ಮನೆಯವರಿಗಾಗಲಿ ಗೆಳೆಯರಿಗಾಗಲಿ ತಿಳಿಯುವುದಿಲ್ಲ, ಹೆಸರು ಬರೆಯಬೇಡಿ, ಹಾಜರಿ ಸಂಖ್ಯೆ ಸಾಕು. ಹಾಜರಿ ಸಂಖ್ಯೆ ಎಂದರೇನು? ಯಾವ ಟೀಚರ್ ಬೇಕಾದರೂ ನಿದ್ದೆಗಣ್ಣಲ್ಲೂ ಸಂಖ್ಯೆ ಕೇಳಿ ಮಗುವಿನ ಹೆಸರು ಹೇಳಬಲ್ಲಳು. ಅದರ ಮೇಲೆ ಓದುವವರಿಗಷ್ಟೇ ಗೊತ್ತಿದ್ದ ಇನ್ನೊಂದು ನಿಯಮವಿತ್ತು. ಯಾವ ಮಗುವಾದರೂ ಏಣಿಯ ಎರಡನೇ ಅಥವಾ ಅದಕ್ಕೂ ಕೆಳಗಿನ ಮೆಟ್ಟಿಲಿಗೆ ಗುರುತು ಹಾಕಿದ್ದರೆ ಆ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು, ಲಕೋಟೆ ಅಂಟಿಸಿ, ಮುಖ್ಯೋಪಾಧ್ಯಾಯಿನಿಯ ಕೈಗೆ ಗುಟ್ಟಾಗಿ ಕೊಡಬೇಕು. ಮಗುವಿನ ಒಳ್ಳೆಯದಕ್ಕೇ ಮಾಡಿದ ನಿಯಮ. ಆ ಸಂಖ್ಯೆ ಯಾವ ಮಗುವಿನದೆಂದು ಏಣಿ ಅಕ್ಕ ಒಮ್ಮೆಯೂ ವಿಚಾರಿಸಿದವಳಲ್ಲ. ವಿಚಾರಿಸದಿರುವುದೇ ಶಿಸ್ತು ಎಂದು ನಂಬಿದ್ದಳು, ಅದರ ಬಗ್ಗೆ ಒಳಗೊಳಗೇ ಹೆಮ್ಮೆಯೂ ಇತ್ತು.

ಇನ್ನು ಮಗಳ ವಿಷಯ. ದನಿ ಹದಕ್ಕೆ ಬರಬೇಕಾದರೆ ಅಭ್ಯಾಸ ಬೇಕು, ಅಭ್ಯಾಸಕ್ಕೆ ಎದುರಿಗೊಂದು ಮಗು ಬೇಕು. ಪ್ರತಿ ವರ್ಷ ಪ್ರಶ್ನೆಗಳು ಅಷ್ಟಿಷ್ಟು ಬದಲಾಗುತ್ತಿದ್ದವು. ಹೊಸ ಹಾಳೆ ಕೈಗೆ ಬಂದ ಸಂಜೆ ಆಕೆ ಮಗಳನ್ನು ಅಡುಗೆಮನೆಯ ಕಟ್ಟೆಯ ಮೇಲೆ ಕೂರಿಸಿಕೊಂಡು ಶುರುಮಾಡುವಳು. ಮಗಳು ಒಂದನೇ ತರಗತಿಯಲ್ಲಿದ್ದಾಗಿನಿಂದ ನಡೆದುಬಂದ ಆಟ ಅದು. ಮೊದಲ ಸಲ ಯಾವ ಮೆಟ್ಟಿಲು ಎಂದು ಕೇಳಿದಾಗ ಆ ಕೂಸು ಕಾಲು ಆಡಿಸುತ್ತಾ, "ಎರಡು" ಎಂದಿತ್ತು. ಅವತ್ತು ಅದರ ಬಣ್ಣದ ಪೆನ್ಸಿಲು ಕಳೆದುಹೋಗಿತ್ತು.

"ಎರಡು ಅಂದ್ರೆ ಕಷ್ಟ ಪುಟ್ಟಾ. ಎರಡು ಅಂದ್ರೆ ಅಮ್ಮ ಆಮೇಲೆ ಬೇರೆ ಚೀಟಿ ಬರೀಬೇಕು, ಲಕೋಟೆ ಅಂಟಿಸ್ಬೇಕು, ದೊಡ್ಡ ಮಿಸ್‌ಗೆ ಕೊಡ್ಬೇಕು. ಒಲೆ ಮೇಲೆ ಹಾಲಿದೆ. ಏಳು ಅನ್ನು, ಬೇಗ ಮುಗಿದುಹೋಗುತ್ತೆ."

"ಏಳು," ಎಂದಿತು ಮಗು. ಅಂದಿನಿಂದ ಏಳೇ. ಹತ್ತು ಅಂದರೆ ಸುಳ್ಳೆನಿಸುತ್ತದೆ, ಐದು ಅಂದರೆ ಯಾಕೆಂದು ಕೇಳುತ್ತಾರೆ, ಏಳು ಅಂದರೆ ಯಾರೂ ತಿರುಗಿ ನೋಡುವುದಿಲ್ಲ ಎಂಬ ಲೆಕ್ಕ ಆ ಹುಡುಗಿಗೆ ಮಗ್ಗಿಗಿಂತ ಮೊದಲು ಬಾಯಿಗೆ ಬಂತು. ತಾಯಿ ಪ್ರಶ್ನೆ ಓದಿ ಮುಗಿಸುವ ಮೊದಲೇ ಉತ್ತರ ಬರುತ್ತಿತ್ತು: ಯಾವಾಗಲೂ, ಯಾವಾಗಲೂ, ಕೆಲವೊಮ್ಮೆ, ಏಳು. ತಾಯಿ ಮಗಳ ಕೆನ್ನೆ ಹಿಂಡಿ, "ನನ್ನ ಜಾಣಮರಿ" ಎನ್ನುವಳು. ಆಗ ಅದರಲ್ಲಿ ಯಾವ ತಪ್ಪೂ ಯಾರ ಕಣ್ಣಿಗೂ ಬೀಳಲಿಲ್ಲ.

ಮಗಳು ಒಂಬತ್ತನೇ ತರಗತಿಗೆ ಬಂದಮೇಲೆ ಏನೋ ಎಡವಟ್ಟಾಯಿತು. ಊಟದ ಡಬ್ಬಿ ಹೋದ ಹಾಗೆಯೇ ತಿರುಗಿ ಬರತೊಡಗಿತು. ಶಾಲೆಯಿಂದ ಬಂದವಳು ಬಟ್ಟೆ ಬದಲಿಸದೆ ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದಳು. ದಿನಕ್ಕೆರಡು ಸಲ ಬಾಗಿಲು ಬಡಿಯುತ್ತಿದ್ದ ಗುಂಗುರು ಕೂದಲಿನ ಗೆಳತಿ (ಮನೆಯಲ್ಲಿ ಎಲ್ಲರೂ ಅವಳನ್ನು ಗುಂಗುರು ಎಂದೇ ಕರೆಯುತ್ತಿದ್ದರು) ಈ ಕಡೆ ತಲೆ ಹಾಕುವುದನ್ನೇ ಬಿಟ್ಟಿದ್ದಳು. ಈ ವಯಸ್ಸಿನ ಹೆಣ್ಣುಮಕ್ಕಳ ಜಗಳ, ನಾಲ್ಕು ದಿನ ಮುನಿಸು, ಐದನೇ ದಿನ ಹೆಗಲ ಮೇಲೆ ಕೈ ಎಂದು ತಾಯಿ ಸುಮ್ಮನಿದ್ದಳು. ಮೊದಲು ಹೆದರಿದ್ದು ಅತ್ತೆ.

"ನೋಡಮ್ಮಾ, ಅವಳು ನನ್ನ ಜೊತೆ ಜಗಳ ಆಡೋದು ಬಿಟ್ಟಿದಾಳೆ," ಎಂದಳು ಆ ಮುದುಕಿ ಒಂದು ಮಧ್ಯಾಹ್ನ, ಸೊಸೆಯನ್ನು ಪಕ್ಕಕ್ಕೆ ಕರೆದು. "ಟಿ.ವಿ. ರಿಮೋಟು ಕೇಳಿದ್ರೆ ಕೊಟ್ಟುಬಿಡ್ತಾಳೆ. ನಿನ್ನ ಜಡೆ ಇಲಿ ಬಾಲ ಇದ್ದ ಹಾಗಿದೆ ಅಂದೆ, ಹೌದಜ್ಜಿ ಅಂದ್ಲು. ಹೌದಂತೆ! ನಂಗೆ ಯಾಕೋ ಕೈಕಾಲು ಆಡ್ತಿಲ್ಲ ಕಣಮ್ಮಾ."

ಏಣಿ ಅಕ್ಕ ಅಂದೇ ಮಗಳ ಹತ್ತಿರ ಕೂತು ತಲೆ ನೇವರಿಸಿದಳು.

"ಏನಾಗಿದೆ ಪುಟ್ಟಾ?"

"ಏನಿಲ್ಲ."

"ಸ್ಕೂಲಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ?"

"ಇಲ್ಲ."

"ಊಟ ಯಾಕೆ ಮಾಡಲ್ಲ?"

"ಹಸಿವಿರಲ್ಲ."

"ಮನಸ್ಸಿಗೆ ಬೇಜಾರಾಗುತ್ತಾ?"

"ಕೆಲವೊಮ್ಮೆ," ಎಂದಳು ಮಗಳು. ಆಮೇಲೆ ಗೋಡೆಯ ಕಡೆ ತಿರುಗಿಕೊಂಡೇ ಹೇಳಿದಳು: "ಏಳು ಅಮ್ಮಾ. ಏಳಲ್ಲೇ ಇದೀನಿ. ಲೈಟ್ ಆರಿಸ್ತೀಯಾ?"

ಇದು ಮಗಳು ತನಗೆ ಹೇಳುತ್ತಿರುವ ಉತ್ತರವಲ್ಲ, ತಾನೇ ಕಲಿಸಿದ ಪಾಠವನ್ನು ಒಪ್ಪಿಸುತ್ತಿದ್ದಾಳೆ ಎಂದು ಆಕೆಗೆ ಗೊತ್ತಾಯಿತು. ಊರ ಮಕ್ಕಳ ಮನಸ್ಸನ್ನೆಲ್ಲ ಅಳೆದವಳಿಗೆ ತನ್ನ ಮಗುವಿನ ಒಳಗೆ ಏನಿದೆಯೆಂದು ತಿಳಿಯಲು ಒಂದೇ ಒಂದು ಪ್ರಶ್ನೆ ಉಳಿದಿರಲಿಲ್ಲ. ಎಲ್ಲವನ್ನೂ ಆ ಕಟ್ಟೆಯ ಮೇಲೇ ಖರ್ಚು ಮಾಡಿಬಿಟ್ಟಿದ್ದಳು. ಗಂಡನಿಗೆ ಹೇಳಿದರೆ ಅವನು ಸ್ಪ್ಯಾನರ್ ಒರೆಸುತ್ತಾ, "ಪರೀಕ್ಷೆ ಹತ್ತಿರ ಬಂತಲ್ಲ, ಅದಕ್ಕೇ ಇರ್ಬೇಕು ಕಣೇ" ಎಂದ. ಅವನ ಮುಖದಲ್ಲೂ ಗಾಬರಿಯಿತ್ತು. ಕೇಬಲ್ಲಿನಲ್ಲಿ ಎಲ್ಲಿ ಎಳೆ ಬಿಟ್ಟಿದೆಯೆಂದು ಬೆರಳಾಡಿಸಿಯೇ ಹೇಳುವ ಗಂಡಸು ಮಗಳ ಕೋಣೆಯ ಬಾಗಿಲಲ್ಲಿ ನಿಂತು ನಿಂತು ವಾಪಸ್ ಬರುತ್ತಿದ್ದ.

ಹೀಗಿರುವಾಗಲೇ ಆ ವರ್ಷದ ಅಳತೆ ಮಗಳ ಶಾಲೆಗೆ ಬಂತು. ಸ್ವಂತ ಮಗು ಕಲಿಯುವ ತರಗತಿಯಲ್ಲಿ ಓದಬಾರದೆಂಬುದು ಕಚೇರಿಯ ಪದ್ಧತಿ. ಆದರೆ ಓದುವವರು ಕೈಬೆರಳೆಣಿಕೆಯಷ್ಟು. ಹಿಂದಿನ ವರ್ಷವೂ, ಬೇಸಿಗೆ ರಜೆಗೆ ಸ್ವಲ್ಪ ಮುಂಚೆ, ಇದೇ ಇಕ್ಕಟ್ಟು ಬಂದಾಗ ಸರಾಸರಿ ಸಾಹೇಬ, "ಅವತ್ತೊಂದು ದಿನ ನಿಮ್ಮ ಮಗಳಿಗೆ ರಜ ಹಾಕಿಸಿ ಮೇಡಂ, ಒಬ್ಬಳು ಕಡಿಮೆಯಾದ್ರೆ ಸರಾಸರಿ ಏನೂ ಕೆಡಲ್ಲ" ಎಂದಿದ್ದ. ಹಾಗೆಯೇ ಮಾಡಿದ್ದಳು. ಮಗಳು ಮನೆಯಲ್ಲಿ ಕೂತು ಅಜ್ಜಿಯೊಡನೆ ಕಿತ್ತಾಡಿಕೊಂಡಿದ್ದಳು, ತಾಯಿ ಅವಳ ತರಗತಿಯಲ್ಲಿ ಓದಿ, ಒಂದು ಸಂಖ್ಯೆಯನ್ನು ಲಕೋಟೆಯಲ್ಲಿ ಅಂಟಿಸಿ ಕೊಟ್ಟು ಬಂದಿದ್ದಳು.

ಈ ಸಲವೂ ಅವನು ಅದೇ ಮಾತು ಹೇಳಿದ. "ಆಗ್ಲಿ ಸರ್" ಎಂದು ತಲೆಯಾಡಿಸಿ ಬಂದ ಏಣಿ ಅಕ್ಕ ಮಗಳಿಗೆ ರಜ ಹಾಕಿಸಲಿಲ್ಲ. ತಾನು ಬರುತ್ತೇನೆಂದು ಹೇಳಲೂ ಇಲ್ಲ. ಕೆಲಸಕ್ಕೆ ಸೇರಿದಮೇಲೆ ಬೇಕೆಂದೇ ಮಾಡಿದ ಮೊದಲ ಅಡ್ಡದಾರಿ ಅದು. ನಾಲ್ಕು ಜನರ ನಡುವೆ ತನ್ನ ಮಗಳು ಹೇಗೆ ಕೂರುತ್ತಾಳೆ, ಯಾರ ಕಡೆ ನೋಡುತ್ತಾಳೆ, ಅದನ್ನೊಮ್ಮೆ ಕಣ್ಣಾರೆ ನೋಡಬೇಕಿತ್ತು. ಬಾಯಿ ಬಿಡದ ಮಗುವಿಗೆ ತಾಯಿ ಇನ್ನೇನು ತಾನೇ ಮಾಡಿಯಾಳು?

ತರಗತಿಗೆ ಕಾಲಿಟ್ಟಾಗ ಮಕ್ಕಳು ಎದ್ದು ನಿಂತು ಎಂದಿನ ರಾಗದಲ್ಲಿ ನಮಸ್ಕಾರ ಹೇಳಿದರು. ಆಕೆ ಬಟ್ಟೆ ಬಿಚ್ಚುವ ನೆಪದಲ್ಲಿ ಕಣ್ಣು ಹಾಯಿಸಿದಳು. ಬೆಂಚಿಗೆ ಮೂರು ಮೂರು ಜನ, ಕೆಲವು ಕಡೆ ನಾಲ್ಕು ಜನ ಒತ್ತಿಕೊಂಡು ಕೂತಿದ್ದರು. ಕೊನೆಯ ಸಾಲಿನಲ್ಲಿ, ಪೊರಕೆ ನಿಲ್ಲಿಸಿದ್ದ ಮೂಲೆಯಲ್ಲಿ, ಒಂದು ಇಡೀ ಬೆಂಚು ಒಬ್ಬಳಿಗೇ ಇತ್ತು. ಅವಳ ಪಕ್ಕದಲ್ಲಿ ಅವಳ ಚೀಲ, ಚೀಲದ ಪಕ್ಕ ಖಾಲಿ. ತಾಯಿಯನ್ನು ನೋಡಿದ ಮಗಳ ಮುಖ ಸುಣ್ಣದಂತೆ ಬಿಳುಚಿತು. ಮುಂದಿನ ಸಾಲಿನಲ್ಲಿ ಯಾರೋ, "ಏಣಿ ಬಂತು, ಮರಿ ಏಣಿ ಹಿಂದಿದೆ" ಎಂದರು. ಕಿಸಕ್ಕನೆ ನಗು ಎದ್ದಿತು. ಗುಂಗುರು ಮೊದಲ ಸಾಲಿನಲ್ಲಿದ್ದಳು. ಅವಳು ನಗಲಿಲ್ಲ, ತಲೆಯನ್ನೂ ಎತ್ತಲಿಲ್ಲ.

ಅಲ್ಲೇ ನಿಲ್ಲಿಸಿ ಹೊರಟುಬಿಡಬೇಕಿತ್ತು. ಕರುಳು ಅದನ್ನೇ ಹೇಳುತ್ತಿತ್ತು. ಆದರೆ ವರ್ಷಗಟ್ಟಲೆ ಪಳಗಿದ ಬಾಯಿ ತನ್ನ ಪಾಡಿಗೆ ತಾನು ಶುರುಮಾಡಿಬಿಟ್ಟಿತು. ನೀವು ಬರೆದದ್ದು ಯಾರಿಗೂ ತಿಳಿಯುವುದಿಲ್ಲ ಎಂದಾಗ ನಾಲ್ಕಾರು ಕತ್ತುಗಳು ಹಿಂದಿನ ಬೆಂಚಿನ ಕಡೆ ತಿರುಗಿದವು. ಶಾಲೆಯಲ್ಲಿ ನಿನ್ನ ಪಕ್ಕ ಕೂರಲು ಇಷ್ಟಪಡುವವರು ಇದ್ದಾರೆಯೇ ಎಂದು ಓದಿದಾಗ ಮತ್ತೆ ನಗು, ಈ ಸಲ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು. ದನಿ ಏರಲಿಲ್ಲ, ಇಳಿಯಲಿಲ್ಲ. ಊಟದ ಹೊತ್ತಿನಲ್ಲಿ ನೀನು ಯಾರ ಜೊತೆ ಇರುತ್ತೀಯ, ನಿನ್ನನ್ನು ಅಡ್ಡಹೆಸರಿನಿಂದ ಕರೆದು ನೋಯಿಸುತ್ತಾರೆಯೇ, ಹಿಂದಿನ ವಾರ ಒಂಟಿಯಾಗಿದ್ದೇನೆ ಎಂದು ಎಷ್ಟು ಸಲ ಅನ್ನಿಸಿತು. ಒಂದೊಂದು ಪ್ರಶ್ನೆಯೂ ತರಗತಿಯನ್ನು ದಾಟಿ ಆ ಮೂಲೆಗೇ ಹೋಗಿ ಬೀಳುತ್ತಿತ್ತು. ಸ್ವಂತ ಮಗಳಿಗೆ ನಾಲ್ಕು ಜನರೆದುರು ಚಪ್ಪಲಿಯಲ್ಲಿ ಹೊಡೆದಿದ್ದರೂ ಇಷ್ಟು ನೋಯುತ್ತಿರಲಿಲ್ಲವೇನೋ. ಮಗಳು ತಲೆಬಾಗಿಸಿ ಸರಸರನೆ ಗುರುತು ಹಾಕುತ್ತಾ ಹೋದಳು. ಏನು ಹಾಕುತ್ತಿದ್ದಾಳೆಂದು ತಾಯಿ ಹೋಗಿ ನೋಡಬೇಕಾಗಿರಲಿಲ್ಲ.

ಹಾಳೆಗಳನ್ನು ಒಟ್ಟುಮಾಡಿ ಕಂಕುಳಲ್ಲಿ ಇಟ್ಟುಕೊಂಡು ಆಕೆ ಹೊರಬಂದಳು. ಮುಂದಿನ ಪಾಠದ ಗಣಿತದ ಮೇಷ್ಟರು ಒಳಗೆ ಹೋದರು. ಆಕೆ ವರಾಂಡದ ಕಂಬಕ್ಕೆ ಒರಗಿ ನಿಂತಿದ್ದಾಗ ಗುಂಗುರು ನೀರಿನ ಬಾಟಲಿ ಹಿಡಿದು ಹೊರಗೆ ಬಂದಳು. ಕಣ್ಣು ತಪ್ಪಿಸಿ ಹೋಗುತ್ತಿದ್ದವಳನ್ನು ಏಣಿ ಅಕ್ಕ ತಡೆದಳು.

"ಮನೆಗೆ ಬರೋದೇ ಬಿಟ್ಟೆಯಲ್ಲಮ್ಮಾ. ಅವಳು ನಿಂಗೆ ಏನು ಮಾಡಿದ್ಲು ಹೇಳು. ನಾನು ಬೈಯಲ್ಲ."

"ನಿಮಗೆ ಗೊತ್ತಿಲ್ವಾ ಆಂಟಿ?" ಹುಡುಗಿ ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಿಂತಳು. "ಹೋದ ವರ್ಷ ನಾನು ಹಾಳೆಯಲ್ಲಿ ಒಂದು ಅಂತ ಗುರುತು ಹಾಕಿದ್ದೆ. ನಿಜಾನೇ ಹಾಕಿದ್ದೆ. ಮನೇಲಿ ಅಪ್ಪ ದಿನಾ ಕುಡಿದು ಗಲಾಟೆ ಮಾಡ್ತಿದ್ರು. ಎರಡು ದಿನ ಆದ್ಮೇಲೆ ಹೆಡ್‌ಮಿಸ್ ಅಪ್ಪನ್ನ ಕರೆಸಿ, ನಿಮ್ಮ ಮಗಳು ಹೀಗೆ ಬರೆದಿದಾಳೆ, ಮನೇಲಿ ಏನು ತೊಂದರೆ ಅಂತ ಕೇಳಿಬಿಟ್ರು. ಅಪ್ಪ ಅಲ್ಲಿ ನಕ್ಕೊಂಡು ಮಾತಾಡಿ ಬಂದ್ರು. ಮನೆಗೆ ಹೋದ್ಮೇಲೆ ಹೊಡೆದ್ರು. ಅಮ್ಮಂಗೂ ಹೊಡೆದ್ರು." ಅವಳು ಬಾಟಲಿಯ ಮುಚ್ಚಳ ಬಿಗಿಮಾಡಿದಳು. "ಯಾರಿಗೂ ಗೊತ್ತಾಗಲ್ಲ ಅಂತ ನೀವು ಓದಿದ್ರಿ. ನೀವೇ ಸುಳ್ಳು ಹೇಳಿದ್ರಿ ಅಂತ ಕ್ಲಾಸಿನವರೆಲ್ಲ ಅಂದ್ರು. ಏಣಿ ಅಕ್ಕ ಮೋಸಗಾರ್ತಿ, ಇನ್ನು ಅವ್ರು ಬಂದ್ರೆ ಯಾರೂ ಬರೀಬಾರದು ಅಂತ. ಆಗ ಅವಳೇ ಎದ್ದು ನಿಂತು ಒಪ್ಕೊಂಡ್ಲು."

"ಯಾರು? ಏನಂತ?"

"ನಿಮ್ಮ ಮಗಳು. ನೀವು ಹಾಳೆ ಕಟ್ಟು ಮನೆಗೆ ತಂದಿದ್ರಂತೆ, ಅವಳು ಕದ್ದು ನೋಡಿದ್ಲಂತೆ, ಅವಳೇ ಹೆಡ್‌ಮಿಸ್‌ಗೆ ಚಾಡಿ ಹೇಳಿದ್ಲಂತೆ. ಅವತ್ತು ಬೇಕೂಂತಾನೇ ರಜಾ ಹಾಕಿದ್ಲು ಅಂತ ಎಲ್ಲರಿಗೂ ಖಾತ್ರಿ ಆಯ್ತು. ನಂಗೆ ನಿಮ್ಮ ಮೇಲೆ ಕೋಪ ಇಲ್ಲ ಆಂಟಿ. ಆದ್ರೆ ಅವಳು ಹಾಗೆ ಮಾಡಬಾರದಿತ್ತು."

ಹಾಳೆಯ ಕಟ್ಟು ಮನೆಗೆ ಬಂದಿದ್ದೇ ಸುಳ್ಳು. ಅದು ಶಾಲೆಯಿಂದ ನೇರವಾಗಿ ಕಚೇರಿಯ ಕಪಾಟಿಗೆ ಹೋಗಿತ್ತು. ಒಂದು ಎಂದು ಗುರುತು ಹಾಕಿದ್ದ ಆ ಸಂಖ್ಯೆ ತನ್ನ ಮನೆಯಲ್ಲಿ ಉಂಡು, ಆಡಿ, ತನ್ನ ಕೈಲೇ ತಲೆ ಬಾಚಿಸಿಕೊಂಡ ಈ ಹುಡುಗಿಯದು ಎಂಬುದು ಗೊತ್ತಿದ್ದರೆ ಲಕೋಟೆ ಕೊಡುತ್ತಿದ್ದಳೋ ಇಲ್ಲವೋ ಆಕೆಗೇ ಹೇಳಲಾಗುತ್ತಿರಲಿಲ್ಲ. ಶಿಸ್ತಿನ ಹೆಸರಲ್ಲಿ ಕಣ್ಣು ಮುಚ್ಚಿಕೊಂಡು ಬಂದಿದ್ದ ತನ್ನ ಮೇಲೆ ಆಕೆಗೆ ಹೇಸಿಗೆಯಾಯಿತು.

"ಅಮ್ಮಾ, ನೀನಿನ್ನು ಹೋಗು."

ಮಗಳು ಬಾಗಿಲಲ್ಲಿ ನಿಂತಿದ್ದಳು. ಮೇಷ್ಟರಿಗೆ ಏನು ನೆಪ ಹೇಳಿ ಬಂದಿದ್ದಳೋ. ಗುಂಗುರು ಅವಳನ್ನು ನೋಡಿದೊಡನೆ ಬಾಟಲಿ ಹಿಡಿದು ನಲ್ಲಿಯ ಕಡೆ ನಡೆದುಬಿಟ್ಟಳು.

"ನೀನು ಮಾಡದೇ ಇರೋದನ್ನ ಮಾಡ್ದೆ ಅಂತ ಯಾಕೆ ಹೇಳ್ದೆ?" ಎಂದಳು ತಾಯಿ. ಈ ಸಲ ದನಿ ಹದದಲ್ಲಿರಲಿಲ್ಲ. "ಆ ಚೀಟಿ ಕೊಟ್ಟವಳು ನಾನು."

"ಗೊತ್ತು."

"ಗೊತ್ತಿದ್ದೂ?"

"ಎರಡು ಅಂದ್ರೆ ಚೀಟಿ, ಲಕೋಟೆ, ದೊಡ್ಡ ಮಿಸ್ಸು. ನೀನೇ ಹೇಳ್ಕೊಟ್ಟಿದ್ದಲ್ವಾ." ಮಗಳು ಬಾಗಿಲಿನ ಬಣ್ಣ ಎದ್ದ ಜಾಗವನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಎಲ್ಲರೂ ನಿನ್ನ ಮೋಸಗಾರ್ತಿ ಅಂತಿದ್ರು ಅಮ್ಮಾ. ನೀನು ಮುಂದಿನ ವರ್ಷ ಮತ್ತೆ ಇಲ್ಲಿಗೆ ಬರ್ಬೇಕಾಗುತ್ತೆ. ಯಾರೂ ಏನೂ ಬರೀದೇ ಹೋದ್ರೆ ನಿನ್ನ ಕೆಲಸದಿಂದ ತೆಗೆದುಬಿಡ್ತಾರೆ ಅಂತ... ನಂಗೆ ಆಗ ಅಷ್ಟೇ ತೋಚಿತು. ಇಷ್ಟು ದಿನ ನಡೆಯುತ್ತೆ ಅಂತ ಗೊತ್ತಿರ್ಲಿಲ್ಲ."

"ಮನೇಲಿ ಒಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀನು ಯಾರಿಗಾದ್ರೂ ಹೇಳ್ತಿದ್ದೆ. ಹೇಳಲೇಬೇಕಲ್ವಾ ನೀನು? ಅದು ನಿನ್ನ ರೂಲ್ಸು."

ತಾಯಿ ಮಗಳನ್ನು ಎಳೆದು ಎದೆಗೊತ್ತಿಕೊಳ್ಳಲು ಕೈ ಚಾಚಿದಳು. ಮಗಳು ಒಂದು ಹೆಜ್ಜೆ ಹಿಂದೆ ಸರಿದಳು, ಕಿಟಕಿಯಿಂದ ಯಾರಾದರೂ ನೋಡಿಯಾರೆಂಬ ಭಯದಲ್ಲಿ. ಆ ಒಂದು ಹೆಜ್ಜೆ ಏಣಿ ಅಕ್ಕನಿಗೆ ತಡೆಯದಾಯಿತು. ಆಕೆ ಹಾಳೆಯ ಕಟ್ಟನ್ನು ಕಂಕುಳಲ್ಲಿ ಬಿಗಿಯಾಗಿ ಅವುಚಿಕೊಂಡು ತರಗತಿಯ ಬಾಗಿಲ ಕಡೆ ಹೊರಟಳು.

"ಅಮ್ಮಾ ಬೇಡ. ಬೇಡ ಅಂತೀನಲ್ಲ. ಇನ್ನೂ ಜಾಸ್ತಿ ಮಾಡ್ತಾರೆ," ಎಂದು ಮಗಳು ತೋಳು ಹಿಡಿದಳು.

"ಮಾಡಿದ್ರೆ ಈ ಸಲ ನಂಗೆ ಗೊತ್ತಿರುತ್ತೆ," ಎಂದು ತಾಯಿ ಒಳಗೆ ಹೋದಳು.

ಗಣಿತದ ಮೇಷ್ಟರು ತ್ರಿಕೋನವೊಂದನ್ನು ಅರ್ಧ ಬರೆದಿದ್ದರು. ಆಕೆ, "ಒಂದು ನಿಮಿಷ ಸರ್" ಎಂದಳು. ಆಕೆಯ ಮುಖ ನೋಡಿ ಅವರು ಚಾಕ್ ಹಿಡಿದ ಕೈಯನ್ನು ಕೆಳಗಿಳಿಸಿ ಪಕ್ಕಕ್ಕೆ ನಿಂತರು. ಗುಂಗುರು ಬಾಟಲಿ ತುಂಬಿಸಿಕೊಂಡು ಬಂದು ಹೊಸ್ತಿಲಲ್ಲೇ ನಿಂತಳು. ಏಣಿ ಅಕ್ಕನಿಗೆ ಮಕ್ಕಳೆದುರು ಬಾಯಿಪಾಠವಿಲ್ಲದೆ ಮಾತಾಡಿ ಗೊತ್ತೇ ಇರಲಿಲ್ಲ. ತಡವರಿಸಿದಳು, ಮಾತು ಮಧ್ಯೆ ಮಧ್ಯೆ ಕತ್ತರಿಸಿಹೋಯಿತು.

"ಹೋದ ವರ್ಷ ಇಲ್ಲಿ ಒಂದು ಮಗು ಬರೆದದ್ದನ್ನ ಹೆಡ್‌ಮಿಸ್‌ಗೆ ತಿಳಿಸಿದ್ದು ನಾನು. ನನ್ನ ಮಗಳಲ್ಲ. ಅವಳು ಒಂದು ಹಾಳೇನೂ ನೋಡಿಲ್ಲ. ನನ್ನನ್ನ ಕಾಪಾಡೋಕೆ ತಾನೇ ಮಾಡ್ದೆ ಅಂತ ಸುಳ್ಳು ಹೇಳಿದಾಳೆ. ನಾನು ಒಳ್ಳೇದಕ್ಕೆ ಅಂತಾನೇ ತಿಳಿಸಿದ್ದೆ, ಆದ್ರೆ ಒಳ್ಳೇದಾಗ್ಲಿಲ್ಲ. ಆಯ್ತಾ ಅಂತ ಹೋಗಿ ನೋಡ್ಲೂ ಇಲ್ಲ. ಯಾರಿಗೂ ಗೊತ್ತಾಗಲ್ಲ ಅಂತ ನಿಮಗೆ ಓದಿ ಹೇಳ್ತೀನಲ್ಲ, ಅದು ಪೂರ್ತಿ ನಿಜ ಅಲ್ಲ. ತಪ್ಪು ನಂದು."

ಯಾರೂ ನಗಲಿಲ್ಲ. ಕಿಟಕಿಯ ಪಕ್ಕ ಕೂತಿದ್ದ, ಮೂಗಿನ ಮೇಲೆ ಕನ್ನಡಕ ಜಾರುತ್ತಿದ್ದ ಹುಡುಗನೊಬ್ಬ ಮೆಲ್ಲಗೆ ಎದ್ದು ನಿಂತ.

"ಹಾಗಾದ್ರೆ ಇವತ್ತು ನಾವು ಬರೆದಿದ್ದು?"

ಆಕೆ ಕಂಕುಳಲ್ಲಿದ್ದ ಕಟ್ಟನ್ನು ನೋಡಿಕೊಂಡಳು. ಇದನ್ನು ಬಿಟ್ಟು ಬರಿಗೈಯಲ್ಲಿ ಹೋದರೆ ಕಚೇರಿಯಲ್ಲಿ ಏನಾಗುತ್ತದೆಂದು ಆಕೆಗೆ ಗೊತ್ತಿತ್ತು. ಸರಾಸರಿ ಸಾಹೇಬನ ಅಡ್ಡ ಹಿಡಿದ ಕೈ ಕಣ್ಣಿಗೆ ಕಟ್ಟಿತು. ಮೇಜಿನ ಮೇಲೆ ಕಟ್ಟು ಬಿಚ್ಚಿ ಹರಡಿದಳು.

"ಅವರವರದು ಅವರವರು ತಗೊಳ್ಳಿ. ಬೇಕೂಂದವರು ಮಾತ್ರ ವಾಪಸ್ ಕೊಡಿ."

ಮೊದಲು ಗುಂಗುರು ಬಂದು ಹಾಳೆಗಳನ್ನು ತಿರುವಿ, ತನ್ನದನ್ನು ತೆಗೆದುಕೊಂಡು ನಾಲ್ಕಾಗಿ ಮಡಚಿ ಅಂಗೈಯಲ್ಲಿ ಹುದುಗಿಸಿದಳು. ಏಣಿ ಅಕ್ಕನ ಕಡೆ ನೋಡಲಿಲ್ಲ. ಅವಳ ಹಿಂದೆ ಒಬ್ಬೊಬ್ಬರಾಗಿ ಎದ್ದು ಬಂದರು, ಬೆಂಚುಗಳು ಕಿರುಗುಟ್ಟಿದವು. ಕೆಲವರು ತಮ್ಮದನ್ನು ಅಲ್ಲೇ ಬಿಟ್ಟರು, ಹೆಚ್ಚಿನವರು ಒಯ್ದರು. ಮೇಷ್ಟರು ಚಾಕಿನ ಪುಡಿ ಉದುರಿಸುತ್ತಾ ನಿಂತಿದ್ದರು. ಮಗಳು ಎಲ್ಲರಿಗಿಂತ ಕೊನೆಗೆ ಬಂದಳು. ಅವಳ ಹಾಳೆ ಮೇಲೆಯೇ ಇತ್ತು. ಅದನ್ನು ಮುಟ್ಟಲಿಲ್ಲ.

"ಖಾಲಿದು ಇನ್ನೊಂದು ಇದೆಯಾ?"

"ಇದೆ. ಯಾಕೆ?"

"ಇದ್ರಲ್ಲಿರೋದು ನಿಜ ಅಲ್ಲ."

ತಾಯಿ ಚೀಲದಿಂದ ಹೊಸ ಹಾಳೆ ತೆಗೆದುಕೊಟ್ಟಳು. "ಪ್ರಶ್ನೆ ಓದ್ಲಾ?" ಎಂದು ಕೇಳಿದಳು.

"ಬೇಡ," ಎಂದು ಮಗಳು ತನ್ನ ಬೆಂಚಿಗೆ ಹೋಗಿ ಕೂತಳು. ಪೆನ್ನಿನ ಮುಚ್ಚಳ ತೆಗೆದು ಹಾಳೆಯನ್ನು ಎಡಗೈಯಿಂದ ಒತ್ತಿ ಹಿಡಿದಳು. ಇಡೀ ತರಗತಿ ತಿರುಗಿ ನೋಡುತ್ತಿತ್ತು, ಅವಳು ಯಾರ ಕಡೆಯೂ ನೋಡಲಿಲ್ಲ. ತಾಯಿ ಮೇಜಿನ ಹತ್ತಿರವೇ ನಿಂತಿದ್ದಳು. ಅಕ್ಷರ ಕಾಣುವಷ್ಟು ಹತ್ತಿರವಲ್ಲ. ಆದರೆ ಪೆನ್ನು ಎಲ್ಲಿಗೆ ಹೋಯಿತೆಂಬುದು ಅಷ್ಟು ದೂರದಿಂದಲೂ ಕಂಡಿತು. ಅದು ಏಣಿಯ ತುದಿಯಿಂದ ನಿಧಾನವಾಗಿ ಇಳಿಯುತ್ತಾ ಇಳಿಯುತ್ತಾ ಬಂದು, ಸೊನ್ನೆಯನ್ನೂ ದಾಟಿ, ಹಾಳೆಯ ಕೆಳಗಿನ ಅಂಚಿನ ಹತ್ತಿರ, ಇನ್ನು ಮೆಟ್ಟಿಲೇ ಇಲ್ಲದಲ್ಲಿ ನಿಂತಿತು.